ಮುಟ್ಟು ನಿಲ್ಲುವ ಕಾಲ: ಕಾಯಿಲೆಯೂ ಅಲ್ಲ, ಕಡೆಗಣಿಸುವಂಥದ್ದೂ ಅಲ್ಲ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹಾಲು ಉತ್ಪಾದಕರ ಸಂಘವೊಂದು ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದೆ ನಡೆದು ಬರುವುದು ಸಾಮಾನ್ಯದ ಮಾತಲ್ಲ. ಅದಕ್ಕಾಗಿ ತಮ್ಮೆಲ್ಲರಿಗೂ ಆರೋಗ್ಯ ಕೇಂದ್ರದ ನಮ್ಮೆಲ್ಲರ ಪರವಾಗಿ ಅಭಿನಂದನೆಗಳು. ಈ ಗೋಷ್ಠಿಯಲ್ಲಿ "ಸ್ತ್ರೀಯರ ಆರೋಗ್ಯ" ಎಂಬ ವಿಷಯದ ಮೇಲೆ ನಾಲ್ಕು ಮಾತಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ಅವರ ಮನಸ್ಸಿನಲ್ಲಿ ಬಸುರಿ, ಬಾಣಂತಿ, ಮಕ್ಕಳ ಚುಚ್ಚುಮದ್ದು ಇದ್ದಿರಬೇಕು. ಆ ವಿಷಯಗಳನ್ನು ನಾವು ಮನೆಮನೆಗೆ ಬಂದು ಹೇಳಿದ್ದೇವೆ, ಹೇಳುತ್ತಲೂ ಇದ್ದೇವೆ. ಇವತ್ತು ಬೇರೆ ಒಂದು ವಿಷಯ ಎತ್ತಿಕೊಂಡಿದ್ದೇವೆ. ಅದಕ್ಕೆ ಕಾರಣ ಉಂಟು. ಸಂಘ ಶುರುವಾದಾಗ ಹಾಲು ಹಾಕಲು ಬಂದ ಹೆಣ್ಣುಮಕ್ಕಳಿಗೆ ಆಗ ಇಪ್ಪತ್ತು, ಇಪ್ಪತ್ತೈದು ವಯಸ್ಸು. ಸಂಘಕ್ಕೆ ಇಪ್ಪತ್ತೈದು ತುಂಬಿದರೆ ಅದನ್ನು ಕಟ್ಟಿದವರಿಗೆ ನಲವತ್ತೈದು, ಐವತ್ತು ತುಂಬಿದೆ. ಈ ವಯಸ್ಸಿನಲ್ಲಿ ಹೆಣ್ಣಿನ ಮೈಯಲ್ಲಿ ದೊಡ್ಡದೊಂದು ಬದಲಾವಣೆ ಆಗುತ್ತದೆ. ಅದೇ ಮುಟ್ಟು ನಿಲ್ಲುವುದು. ಪುಸ್ತಕದ ಮಾತಿನಲ್ಲಿ ಋತುಬಂಧ.

ಈ ಮಾತು ಎತ್ತಿದ ಕೂಡಲೇ ಹಿಂದಿನ ಸಾಲಿನಲ್ಲಿ ಕೆಲವರು ಸೆರಗು ಬಾಯಿಗೆ ಹಿಡಿದರು. ಗಂಡಸರು ಇದ್ದಾರೆ ಅಂತ ಸಂಕೋಚ. ಸಂಕೋಚ ಬೇಡ, ಗಂಡಸರೂ ಎದ್ದು ಹೋಗುವುದು ಬೇಡ. ಅವರಿಗೂ ಕೊನೆಯಲ್ಲಿ ಎರಡು ಮಾತು ಇದೆ.

ನಮ್ಮಲ್ಲಿ ಹುಡುಗಿ ದೊಡ್ಡವಳಾದರೆ ಕೂರಿಸಿ, ಚಿಗಳಿ ತಂಬಿಟ್ಟು ಕೊಟ್ಟು ಆರತಿ ಎತ್ತುತ್ತೇವೆ. ಬಸುರಿಗೆ ಸೀಮಂತ ಮಾಡುತ್ತೇವೆ. ಹೆತ್ತವಳಿಗೆ ತವರಿನಲ್ಲಿ ಬಾಣಂತನ ಆಗುತ್ತೆ, ಎಣ್ಣೆನೀರು, ಬಿಸಿ ಊಟ ಸಿಗುತ್ತೆ. ಆದರೆ ಮುಟ್ಟು ನಿಲ್ಲುವ ಹೆಂಗಸಿಗೆ ಏನಿದೆ? ಒಂದು ಹೆಸರೂ ನೆಟ್ಟಗಿಲ್ಲ. ಆ ಹೊತ್ತಿಗೆ ಅವಳ ಮೇಲೆ ಮಗಳ ಮದುವೆ, ಮಗನ ಕೆಲಸ, ಅತ್ತೆ ಮಾವನ ಕಾಯಿಲೆ, ಕೊಟ್ಟಿಗೆಯಲ್ಲಿ ನಾಲ್ಕು ರಾಸು ಎಲ್ಲವೂ ಬಿದ್ದಿರುತ್ತೆ. ತನ್ನ ಮೈಯಲ್ಲಿ ಏನೋ ಆಗ್ತಿದೆ ಅಂತ ಗೊತ್ತಾದರೂ ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಹೇಳದೆ ಒಳಗೇ ಇಟ್ಟುಕೊಂಡದ್ದು ಎರಡು ದಾರಿ ಹಿಡಿಯುತ್ತೆ. ಒಂದು, ಬೇಡದ ಆಪರೇಷನ್ನಿಗೆ ಹೋಗಿ ನಿಲ್ಲುತ್ತೆ. ಇನ್ನೊಂದು, ನೋಡಬೇಕಾದ ಕಾಯಿಲೆಯನ್ನು ನೋಡದೆ ಬಿಡುವುದಾಗುತ್ತೆ. ಈ ಎರಡೂ ತಪ್ಪಬೇಕು ಅನ್ನುವುದೇ ನಮ್ಮ ಇವತ್ತಿನ ಮಾತಿನ ಸಾರ.

ಮೈಯಲ್ಲಿ ಆಗುವುದೇನು?

ಹಸು ಬೆದೆಗೆ ಬಂದದ್ದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೂಗುತ್ತೆ, ಮೇವು ಬಿಡುತ್ತೆ, ಲೋಳೆ ಹಾಕುತ್ತೆ. ಇಪ್ಪತ್ತೊಂದು ದಿನಕ್ಕೆ ಮತ್ತೆ ಬಂತೋ ಇಲ್ಲವೋ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡುತ್ತೀರಿ. ಹಸುವಿಗೆ ಈ ಬೆದೆ ತರುವುದು ಈಸ್ಟ್ರೋಜನ್ ಎಂಬ ಹಾರ್ಮೋನು. ಹಾರ್ಮೋನು ಅಂದರೆ ಮೈಯೊಳಗಿನ ಗ್ರಂಥಿಗಳು ರಕ್ತಕ್ಕೆ ಬಿಡುವ ರಸ. ಅದೇ ಈಸ್ಟ್ರೋಜನ್ ನಮ್ಮ ಮೈಯಲ್ಲೂ ಇದೆ. ಕಿಬ್ಬೊಟ್ಟೆಯ ಎರಡು ಕಡೆ ಇರುವ ಅಂಡಾಶಯಗಳು ಅದನ್ನೂ, ಪ್ರೊಜೆಸ್ಟರಾನ್ ಎಂಬ ಇನ್ನೊಂದನ್ನೂ ತಯಾರು ಮಾಡುತ್ತವೆ. ತಿಂಗಳು ತಿಂಗಳು ಇವೆರಡೂ ಏರಿ ಇಳಿಯುವುದರಿಂದಲೇ ಮುಟ್ಟು ಬರುವುದು.

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅಂಡಾಣುಗಳಿರುತ್ತವೆ. ಹೊಸದಾಗಿ ಹುಟ್ಟುವುದಿಲ್ಲ. ವರ್ಷ ಕಳೆದಂತೆ ಕರಗುತ್ತಾ ಬಂದು ನಲವತ್ತು ದಾಟಿದ ಮೇಲೆ ತಳ ಕಾಣುತ್ತೆ. ಆಗ ಹಾರ್ಮೋನುಗಳ ಲೆಕ್ಕ ತಪ್ಪುತ್ತೆ. ಒಂದು ತಿಂಗಳು ಜಾಸ್ತಿ, ಒಂದು ತಿಂಗಳು ಕಡಿಮೆ. ಮುಟ್ಟೂ ಹಾಗೆಯೇ. ಒಮ್ಮೆ ಇಪ್ಪತ್ತು ದಿನಕ್ಕೆ ಬರುತ್ತೆ, ಒಮ್ಮೆ ಎರಡು ತಿಂಗಳಾದರೂ ಬರುವುದಿಲ್ಲ. ಈ ಏರುಪೇರು ಕೆಲವರಿಗೆ ಒಂದೆರಡು ವರ್ಷ, ಕೆಲವರಿಗೆ ಐದಾರು ವರ್ಷ ಇರುತ್ತದೆ. ಕೊನೆಗೆ ಪೂರ್ತಿ ಹನ್ನೆರಡು ತಿಂಗಳು ಮುಟ್ಟು ಬರದಿದ್ದರೆ ನಿಂತಿತು ಎಂದು ಲೆಕ್ಕ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ರ ವಯಸ್ಸಿಗೆ ನಿಲ್ಲುತ್ತೆ. ಪಶ್ಚಿಮ ದೇಶಗಳಲ್ಲಿ 51ರ ಹತ್ತಿರ. ನಲವತ್ತೈದರಿಂದ ಐವತ್ತೈದರೊಳಗೆ ಯಾವಾಗ ನಿಂತರೂ ಚಿಂತೆ ಇಲ್ಲ. ನಲವತ್ತಕ್ಕೆ ಮುಂಚೆಯೇ ನಿಂತರೆ ಮಾತ್ರ ಅದು ಸಹಜವಲ್ಲ. ಡಾಕ್ಟರಿಗೆ ತೋರಿಸಲೇಬೇಕು.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಬಿಡಿಸಬೇಕು. ಮೊದಲನೆಯದು, "ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡಿದ್ದಕ್ಕೇ ಹೀಗಾಯ್ತು" ಅನ್ನುವುದು. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ಆಪರೇಷನ್ ಮಾಡಿಸಿಕೊಂಡವರೇ. ಅದರಲ್ಲಿ ಅಂಡಾಣು ಬರುವ ನಾಳವನ್ನು ಮಾತ್ರ ಕಟ್ಟುತ್ತಾರೆ. ಅಂಡಾಶಯ ಮುಟ್ಟುವುದಿಲ್ಲ. ಅದರಿಂದ ಮುಟ್ಟು ನಿಲ್ಲುವುದೂ ಇಲ್ಲ. ಎರಡನೆಯದು, "ಮುಟ್ಟು ತಪ್ಪಿತು, ಇನ್ನು ಬಸುರಿನ ಭಯ ಇಲ್ಲ" ಅನ್ನುವುದು. ಆಪರೇಷನ್ ಆಗದವರಿಗೆ ಈ ಏರುಪೇರಿನ ಕಾಲದಲ್ಲೂ ಬಸುರಾಗಬಹುದು. ಮುಟ್ಟು ನಿಂತು ಪೂರ್ತಿ ಒಂದು ವರ್ಷ, ಐವತ್ತರ ಒಳಗಿನವರಾದರೆ ಎರಡು ವರ್ಷ ಆಗುವವರೆಗೆ ಎಚ್ಚರ ಬೇಕು.

ಝಳ, ಬೆವರು, ನಿದ್ದೆಗೇಡು

ಎಲ್ಲರಿಗೂ ತೊಂದರೆ ಆಗಬೇಕೆಂದಿಲ್ಲ. ಎಷ್ಟೋ ಜನಕ್ಕೆ ಗೊತ್ತೇ ಆಗದಂತೆ ನಿಂತುಹೋಗುತ್ತೆ. "ಸದ್ಯ, ತಿಂಗಳ ಕಾಟ ತಪ್ಪಿತು" ಅಂತ ಹಗುರಾದವರೂ ಇದ್ದಾರೆ. ಅವರ ಸಂತೋಷ ನಿಜವಾದದ್ದೇ. ತೊಂದರೆ ಪಡುವವರಲ್ಲಿ ಹೆಚ್ಚಿನವರು ಹೇಳುವುದು ಝಳ. ಸುಮ್ಮನೆ ಕೂತಿದ್ದಾಗಲೇ ಎದೆಯಿಂದ ಮುಖಕ್ಕೆ ಬೆಂಕಿ ಏರಿದ ಹಾಗೆ ಆಗುತ್ತೆ, ಮೈಯೆಲ್ಲಾ ಬೆವರುತ್ತೆ, ಎದೆ ಹೊಡೆದುಕೊಳ್ಳುತ್ತೆ, ಐದು ನಿಮಿಷಕ್ಕೆ ಇಳಿದು ಚಳಿ ಹತ್ತುತ್ತೆ. ಮಿದುಳಿನಲ್ಲಿ ಮೈಬಿಸಿಯನ್ನು ಹದದಲ್ಲಿ ಇಡುವ ಒಂದು ಜಾಗ ಇದೆ. ಈಸ್ಟ್ರೋಜನ್ ಇಳಿದಾಗ ಅದು ವಿಪರೀತ ಸೂಕ್ಷ್ಮವಾಗಿ, ಸ್ವಲ್ಪ ಬಿಸಿ ಏರಿದರೂ ಬಹಳ ಏರಿತು ಎಂದುಕೊಂಡು ಬೆವರು ಹರಿಸುತ್ತೆ. ಇದು ಜ್ವರವಲ್ಲ, ಉಷ್ಣದ ಕಾಯಿಲೆಯೂ ಅಲ್ಲ.

ಝಳಕ್ಕೆ ಮನೆಯಲ್ಲೇ ಮಾಡಬಹುದಾದದ್ದು ಇದೆ. ನೈಲಾನ್ ಸೀರೆ ಬಿಟ್ಟು ಹತ್ತಿ ಬಟ್ಟೆ ಉಡಿ. ಮಲಗುವ ಕಡೆ ಗಾಳಿ ಆಡಲಿ, ಪಕ್ಕದಲ್ಲಿ ಒಂದು ಚೊಂಬು ತಣ್ಣೀರು ಇರಲಿ. ಸುಡುಸುಡು ಕಾಫಿ ಟೀ, ಹೆಚ್ಚು ಖಾರ ತಿಂದಾಗ ಝಳ ಜಾಸ್ತಿಯಾಗುತ್ತದೋ ನೋಡಿಕೊಂಡು ಕಡಿಮೆ ಮಾಡಿ. ಝಳ ಏರಿದಾಗ ಒಲೆಯ ಮುಂದಿನಿಂದ ಎದ್ದು ಹೊರಗೆ ಕೂತು ನಿಧಾನವಾಗಿ ಆಳವಾಗಿ ಉಸಿರಾಡಿ. ರೊಟ್ಟಿ ಹಂಚಿನ ಮೇಲೆ ಸೀದರೆ ಸೀಯಲಿ, ಇನ್ನೊಬ್ಬರು ತಿರುವಿ ಹಾಕಲಿ.

ಇನ್ನು ಮನಸ್ಸಿನ ವಿಷಯ. ರಾತ್ರಿ ಎರಡು ಗಂಟೆಗೆ ಬೆವರಿ ಎದ್ದವಳಿಗೆ ಮತ್ತೆ ನಿದ್ದೆ ಹತ್ತುವುದಿಲ್ಲ. ಐದಕ್ಕೆ ಹಾಲು ಕರೆಯಬೇಕು. ಹೀಗೆ ತಿಂಗಳುಗಟ್ಟಲೆ ಆದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಸಣ್ಣ ಮಾತಿಗೆ ಕಣ್ಣೀರು, ಇಟ್ಟ ಸಾಮಾನು ಮರೆಯುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಇವೆಲ್ಲ ಈ ಕಾಲದಲ್ಲಿ ಕಾಣುತ್ತವೆ. ಮನೆಯವರು "ಗಾಳಿ ಸೋಕಿದೆ" ಅಂತ ತಾಯಿತ ಕಟ್ಟಿಸಲು ಕರೆದೊಯ್ಯುತ್ತಾರೆ. ಕರೆದೊಯ್ಯಬೇಕಾದದ್ದು ಆರೋಗ್ಯ ಕೇಂದ್ರಕ್ಕೆ. ಥೈರಾಯ್ಡ್ ಗ್ರಂಥಿಯ ತೊಂದರೆ, ಸಕ್ಕರೆ ಕಾಯಿಲೆ, ರಕ್ತಹೀನತೆ ಇವೂ ಇದೇ ವೇಷದಲ್ಲಿ ಬರುವುದರಿಂದ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಎರಡು ವಾರ ಕಳೆದರೂ ಮನಸ್ಸು ಮೇಲೇಳದಿದ್ದರೆ, ಬದುಕೇ ಬೇಡ ಅನ್ನಿಸಿದರಂತೂ ತಡಮಾಡಬೇಡಿ. 14416 ಎಂಬ ಟೆಲಿ-ಮಾನಸ್ ಸಹಾಯವಾಣಿ 2022ರಿಂದ ನಡೆಯುತ್ತಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹೇಳಲು ಇನ್ನೂ ನಾಚುವ ವಿಷಯ ಒಂದಿದೆ. ಈಸ್ಟ್ರೋಜನ್ ಕಡಿಮೆಯಾದಾಗ ಯೋನಿಯ ಒಳಪದರ ತೆಳುವಾಗಿ ಒಣಗುತ್ತೆ. ಉರಿ, ತುರಿಕೆ, ಗಂಡನ ಜೊತೆ ಸೇರಿದಾಗ ನೋವು, ಮೂತ್ರದಲ್ಲಿ ಪದೇಪದೇ ಉರಿ ಬರುತ್ತೆ. ಕೆಮ್ಮಿದಾಗ, ಹುಲ್ಲಿನ ಹೊರೆ ಎತ್ತಿದಾಗ ಮೂತ್ರ ಸೋರುತ್ತೆ. ಝಳ ತಾನಾಗಿ ಹೋಗಬಹುದು, ಈ ಒಣಗುವ ತೊಂದರೆ ಚಿಕಿತ್ಸೆ ಇಲ್ಲದೆ ಸಾಮಾನ್ಯವಾಗಿ ಹೋಗುವುದಿಲ್ಲ. ಆದರೆ ಹಚ್ಚಿಕೊಳ್ಳುವ ಮುಲಾಮು ಇದೆ, ಡಾಕ್ಟರಮ್ಮನನ್ನು ಕೇಳಿದರೆ ಬರೆದುಕೊಡುತ್ತಾರೆ. ಸೋರುವುದಕ್ಕೆ ಒಂದು ಸುಲಭ ವ್ಯಾಯಾಮ ಉಂಟು. ಹೊರಟ ಮೂತ್ರವನ್ನು ತಡೆಯುವಾಗ ಬಿಗಿ ಹಿಡಿಯುವ ಸ್ನಾಯುಗಳನ್ನೇ ಐದು ಎಣಿಸುವವರೆಗೆ ಬಿಗಿ ಹಿಡಿದು ಬಿಡಬೇಕು. ಮೂತ್ರ ಮಾಡುವಾಗ ಅಲ್ಲ, ಬೇರೆ ಹೊತ್ತಿನಲ್ಲಿ. ಒಮ್ಮೆಗೆ ಹತ್ತು ಸಲದಂತೆ ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು ಬಿಡದೆ ಮಾಡಿದರೆ ಎಷ್ಟೋ ಜನಕ್ಕೆ ಗುಣ ಕಾಣುತ್ತೆ. ಹಾಲು ಹಾಕಲು ಸಾಲಿನಲ್ಲಿ ನಿಂತಾಗಲೂ ಮಾಡಬಹುದು, ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಹಸುವಿಗೆ ಕ್ಯಾಲ್ಸಿಯಂ, ನಮಗೆ?

ಕರು ಹಾಕಿದ ಹಸು ಹಾಲು ಜ್ವರ ಬಂದು ಬಿದ್ದರೆ ನೀವು ಓಡಿಬರುತ್ತೀರಿ. ಪಶುವೈದ್ಯರು ಬಂದು ರಕ್ತಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದರೆ ಹಸು ಎದ್ದು ನಿಲ್ಲುತ್ತೆ. ಹಾಲಿನಲ್ಲಿ ಹರಿದುಹೋದ ಸುಣ್ಣದಂಶ ತುಂಬಿಕೊಡಬೇಕೆಂದು ಸಂಘದಿಂದ ಖನಿಜ ಮಿಶ್ರಣ ಒಯ್ದು ತಪ್ಪದೆ ತಿನ್ನಿಸುತ್ತೀರಿ. ಮುಟ್ಟು ನಿಂತ ಮೇಲಿನ ಮೊದಲ ಐದಾರು ವರ್ಷಗಳಲ್ಲಿ ನಮ್ಮ ಮೂಳೆಯ ಸುಣ್ಣವೂ ಬೇಗ ಬೇಗ ಕರಗುತ್ತೆ. ಬೀಳುವಷ್ಟು ಕಾಣುವುದಿಲ್ಲ, ನೋವೂ ಇರುವುದಿಲ್ಲ. ಅರವತ್ತು ದಾಟಿ ಬಚ್ಚಲಲ್ಲಿ ಜಾರಿದಾಗ ಮಣಿಕಟ್ಟೋ ಸೊಂಟವೋ ಮುರಿದಾಗಲೇ ತಿಳಿಯುವುದು.

ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಇದೆ. ಒಂದು ಲೋಟ, ಅಂದರೆ 200 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 240 ಇದೆ. ಲೆಕ್ಕ ನೀವೇ ಹಾಕಿ. ಎರಡು ಹೊತ್ತು ಮುದ್ದೆ, ಎರಡು ಲೋಟ ಹಾಲು ಅಂದರೆ ಹೆಚ್ಚುಕಡಿಮೆ ಅಷ್ಟಾಯಿತು. ರಾಗಿಯಲ್ಲಿ ಇರುವುದೆಲ್ಲ ಮೈಗೆ ಹತ್ತುವುದಿಲ್ಲ, ಆದ್ದರಿಂದ ಮೇಲೆ ಸೊಪ್ಪು, ಎಳ್ಳು, ಮಜ್ಜಿಗೆ ಇರಲಿ. ಮಾತ್ರೆ ಬೇಕೋ ಬೇಡವೋ ಡಾಕ್ಟರು ಹೇಳಲಿ. ಆದರೆ ಎರಡು ಲೋಟ ಹಾಲು ಎಲ್ಲಿದೆ? ಕರೆದ ಹಾಲೆಲ್ಲ ಕ್ಯಾನಿಗೆ ಹೋಗುತ್ತೆ. ಉಳಿದದ್ದು ಮಕ್ಕಳಿಗೆ, ಯಜಮಾನರ ಕಾಫಿಗೆ. ಊರಿಗೆಲ್ಲ ಹಾಲು ಕೊಡುವ ಮನೆಯ ಹೆಂಗಸು ನೀರು ಟೀ ಕುಡಿಯುತ್ತಾಳೆ. ಹದಿನೈದು ದಿನದ ಬಟವಾಡೆಯಲ್ಲಿ ಒಂದಿಷ್ಟು ಕಡಿಮೆ ಆದರೂ ಪರವಾಗಿಲ್ಲ, ದಿನಕ್ಕೆ ಅರ್ಧ ಲೀಟರು ಮನೆ ಹೆಂಗಸಿನ ಹೆಸರಿಗೆ ತೆಗೆದಿಡಬೇಕು. ಇದನ್ನು ನಿಮ್ಮ ಸಂಘದ ಸಭೆಯಲ್ಲಿ ನಿಂತು ಹೇಳಲು ನಮಗೆ ಧೈರ್ಯ ಬೇಕಾಯಿತು.

ರಕ್ತದ ವಿಷಯವೂ ಅಷ್ಟೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ ಸುಮಾರು 48 ಜನಕ್ಕೆ ರಕ್ತಹೀನತೆ ಇದೆ. ಹಾಲಿನ ಫ್ಯಾಟು ಎಷ್ಟು ಬಂತು ಅಂತ ದಿನಕ್ಕೆ ಎರಡು ಸಲ ನೋಡುವ ನಾವು, ನಮ್ಮ ರಕ್ತದ ಹಿಮೋಗ್ಲೋಬಿನ್ ಎಷ್ಟಿದೆ ಅಂತ ವರ್ಷಕ್ಕೆ ಒಂದು ಸಲವಾದರೂ ನೋಡಿಸಬೇಡವೇ? ನುಗ್ಗೆಸೊಪ್ಪು, ಹುರುಳಿ, ತಿನ್ನುವವರಾದರೆ ಮಾಂಸ ಮೊಟ್ಟೆ, ಊಟದ ಜೊತೆ ಹಿಂಡಿದ ನಿಂಬೆಹಣ್ಣು ಇವು ರಕ್ತಕ್ಕೆ ಒಳ್ಳೆಯದು. ಉಂಡ ಕೂಡಲೇ ಟೀ ಕುಡಿಯುವುದು ಮಾತ್ರ ಬಿಡಿ, ಊಟದಲ್ಲಿರುವ ಕಬ್ಬಿಣದಂಶ ಮೈಗೆ ಹತ್ತುವುದನ್ನು ಅದು ತಡೆಯುತ್ತೆ. ಕೊಟ್ಟಿಗೆ ಕೆಲಸ, ಹೊಲದ ಬಿಸಿಲು ಮೂಳೆಗೆ ಒಳ್ಳೆಯದೇ. ಎಲೆಅಡಿಕೆ ಜೊತೆಯ ಹೊಗೆಸೊಪ್ಪು ಯಾವುದಕ್ಕೂ ಒಳ್ಳೆಯದಲ್ಲ.

ಗರ್ಭಕೋಶ ತೆಗೆಸಿಬಿಡಿ ಅನ್ನುವವರು

ಈಗ ಮುಖ್ಯ ವಿಷಯಕ್ಕೆ ಬರೋಣ. ಮುಟ್ಟು ಏರುಪೇರಾದಾಗ, ಬಿಳಿ ಹೋಗುವಾಗ, ಸೊಂಟ ನೋವು ಬಂದಾಗ ಪೇಟೆಗೆ ಹೋದವರಿಗೆ ಒಂದು ಸ್ಕ್ಯಾನಿಂಗ್ ಆಗುತ್ತೆ. "ಗರ್ಭಕೋಶ ಊದಿದೆ, ಸಣ್ಣ ಗಡ್ಡೆ ಇದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ, ಮಕ್ಕಳಂತೂ ಆಗಿವೆ, ತೆಗೆಸಿಬಿಡಿ" ಅನ್ನುತ್ತಾರೆ. ಕ್ಯಾನ್ಸರ್ ಅಂದ ಮೇಲೆ ಮನೆಯವರ ಬಾಯಿ ಕಟ್ಟುತ್ತೆ. ನಮ್ಮ ಸುತ್ತಿನ ಹಳ್ಳಿಯ ಒಬ್ಬ ಹೆಣ್ಣುಮಗಳು ಮೂವತ್ತನಾಲ್ಕನೇ ವಯಸ್ಸಿಗೆ ಹೀಗೆ ಹೆದರಿ, ಕರೆಯುವ ಎರಡು ಹಸು ಮಾರಿ ಆಪರೇಷನ್ ಮಾಡಿಸಿಕೊಂಡು ಬಂದಳು. ಗರ್ಭಕೋಶದ ಜೊತೆ ಎರಡು ಅಂಡಾಶಯವೂ ಹೋಗಿತ್ತು. ಅದು ಅವಳಿಗೆ ಗೊತ್ತೇ ಇರಲಿಲ್ಲ. ತಿಂಗಳೊಳಗೆ ಝಳ, ನಿದ್ದೆಗೇಡು, ಕೀಲುನೋವು ಶುರುವಾಯಿತು. ಯಾವ ಸೊಂಟನೋವಿಗೆ ಹೋಗಿದ್ದಳೋ ಅದು ಹಾಗೇ ಇತ್ತು. ಹಸು ಮಾತ್ರ ಇರಲಿಲ್ಲ. ಅವಳು ನಮ್ಮನ್ನು ಕೇಳಿದ್ದು ಒಂದೇ ಮಾತು: "ತೆಗೆಯೋಕೆ ಮುಂಚೆ ಯಾರಾದ್ರೂ ಹೇಳ್ಬಾರ್ದಾಗಿತ್ತಾ?"

ಅಂಡಾಶಯ ಎರಡೂ ತೆಗೆದರೆ ಮುಟ್ಟು ನಿಧಾನವಾಗಿ ನಿಲ್ಲುವ ಬದಲು ಒಂದೇ ದಿನದಲ್ಲಿ ನಿಂತ ಹಾಗೆ. ಝಳ ಬಲವಾಗಿರುತ್ತೆ. ಚಿಕ್ಕ ವಯಸ್ಸಿನಲ್ಲಿ ಹೀಗಾದರೆ ಮೂಳೆ ಸವೆಯುವುದೂ, ಹೃದಯದ ಕಾಯಿಲೆಯ ಅಪಾಯವೂ ಹೆಚ್ಚು. ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆದರೂ ಕೆಲವರಿಗೆ ಹಾರ್ಮೋನು ಬೇಗನೆ ಇಳಿಯುತ್ತೆ.

ಇದು ಒಂದು ಊರಿನ ಕತೆಯಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ವಿಷಯ 2019ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಸರ್ಕಾರ ಪರಿಶೀಲಿಸಿದ ಸುಮಾರು 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ಮುಟ್ಟಿನ ದಿನ ರಜೆ ಹಾಕಿದರೆ ಕೂಲಿ ಕಡಿತ, ಗದ್ದೆಯಲ್ಲಿ ಕಕ್ಕಸು ಇಲ್ಲ, ನೀರಿಲ್ಲ. ನಮ್ಮಲ್ಲೂ ಹೆಂಗಸರು ಒಪ್ಪಿಕೊಳ್ಳುವುದರ ಹಿಂದೆ ಇಂಥ ಕಾರಣಗಳೇ ಇವೆ: ಕೂಲಿ, ಮಡಿಮೈಲಿಗೆ, ಬಟ್ಟೆ ಒಗೆದು ಒಣಗಿಸಲು ಜಾಗವಿಲ್ಲದ ಕಷ್ಟ. ಬೇಡದ ಗರ್ಭಕೋಶದ ಆಪರೇಷನ್ನುಗಳನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅದನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ಆದೇಶ ಮಾಡಿತು. ಕಾಗದದಲ್ಲಿ ಕಾವಲು ಇದೆ. ಕೇಳುವ ಬಾಯಿ ನಮ್ಮದಾಗಬೇಕು.

ಆಪರೇಷನ್ ಎಂದೂ ಬೇಡ ಎಂದು ನಾವು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದಾಗ, ಗರ್ಭಕೋಶ ಪೂರ್ತಿ ಜಾರಿದಾಗ, ಔಷಧಿಗೆ ಬಗ್ಗದ ರಕ್ತಸ್ರಾವ ಇದ್ದಾಗ, ದೊಡ್ಡ ಗಡ್ಡೆಗಳಿದ್ದಾಗ ಅದು ಜೀವ ಉಳಿಸುತ್ತೆ. ಆದರೆ ಒಪ್ಪುವ ಮುಂಚೆ ಐದು ಪ್ರಶ್ನೆ ಕೇಳಿ.

1. ನನ್ನ ಕಾಯಿಲೆಯ ಹೆಸರೇನು? ಚೀಟಿಯಲ್ಲಿ ಬರೆದುಕೊಡಿ.
2. ಕ್ಯಾನ್ಸರ್ ಅನುಮಾನ ಇದ್ದರೆ ಯಾವ ಪರೀಕ್ಷೆಯಿಂದ ಗೊತ್ತಾಯಿತು? ಒಳಪದರದ ಚೂರು ತೆಗೆದು ನೋಡಿದ್ದೀರಾ?
3. ಮಾತ್ರೆಯಲ್ಲಿ, ಹಾರ್ಮೋನು ಇರುವ ವಂಕಿಯಲ್ಲಿ ಹತೋಟಿಗೆ ತರಬಹುದೇ?
4. ಅಂಡಾಶಯ ಉಳಿಸುತ್ತೀರಾ?
5. ಇನ್ನೊಬ್ಬ ಡಾಕ್ಟರ ಹತ್ತಿರ ತೋರಿಸಿ ಬರಲು ಒಂದು ವಾರ ಸಮಯ ಕೊಡುತ್ತೀರಾ?

ತುರ್ತು ಇಲ್ಲದ ಕಾಯಿಲೆ ಒಂದು ವಾರದಲ್ಲಿ ಎಲ್ಲೂ ಓಡಿಹೋಗುವುದಿಲ್ಲ. ಗರ್ಭಕೋಶದ ಸಾಮಾನ್ಯ ಗಡ್ಡೆಗಳು ಬಹುಪಾಲು ಕ್ಯಾನ್ಸರ್ ಅಲ್ಲ, ಮುಟ್ಟು ನಿಂತ ಮೇಲೆ ಕುಗ್ಗುವುದೇ ಹೆಚ್ಚು. ನಮ್ಮ ಸಹಕಾರಿಗಳಿಗೆಂದೇ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಶುರುವಾಯಿತು. ಅದು ದೊಡ್ಡ ಆಸರೆ. ಆದರೆ ಕಾರ್ಡು ಇದೆ, ಖರ್ಚಿಲ್ಲ ಎನ್ನುವುದು ಆಪರೇಷನ್ನಿಗೆ ಕಾರಣವಾಗಬಾರದು.

ಕಡೆಗಣಿಸಬಾರದ ಲಕ್ಷಣಗಳು

ಹೆದರಿ ಹೋಗುವವರ ಕತೆ ಅದಾದರೆ, ಹೋಗದೆ ಉಳಿಯುವವರದು ಇನ್ನೊಂದು. ಮುಟ್ಟು ನಿಂತು ಆರು ವರ್ಷವಾದ ತಾಯಿಯೊಬ್ಬರಿಗೆ ಮತ್ತೆ ರಕ್ತ ಕಾಣಿಸಿತು. "ಈ ವಯಸ್ಸಲ್ಲಿ ಹೇಳ್ಕೊಂಡ್ರೆ ನಗ್ತಾರೆ" ಅಂತ ಎಂಟು ತಿಂಗಳು ಸೊಸೆಗೂ ತಿಳಿಸದೆ ಬಟ್ಟೆ ಬಚ್ಚಿಟ್ಟರು. ಕಡೆಗೆ ಆಶಾ ಕಾರ್ಯಕರ್ತೆ ಕಂಡುಹಿಡಿದು ಕರೆತಂದಾಗ ಅದು ಗರ್ಭಕೋಶದ ಒಳಪದರದ ಕ್ಯಾನ್ಸರ್ ಆಗಿತ್ತು. ಚಿಕಿತ್ಸೆ ಆಯಿತು, ಇದ್ದಾರೆ. ಎಂಟು ತಿಂಗಳು ಮುಂಚೆ ಬಂದಿದ್ದರೆ ಅಷ್ಟು ನರಳಬೇಕಾಗಿರಲಿಲ್ಲ.

ಈ ಮಾತು ಮನೆಗೆ ಒಯ್ಯಿರಿ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಬೇಕು. ಬಹಳ ಸಲ ಏನೂ ಇರುವುದಿಲ್ಲ, ಆದರೂ ತೋರಿಸಬೇಕು. ಇನ್ನೂ ಮುಟ್ಟು ಆಗುತ್ತಿರುವವರಿಗೆ ಎಂಟು ದಿನ ದಾಟಿ ಹೋದರೆ, ಗಂಟೆ ಎರಡು ಗಂಟೆಗೆ ಬಟ್ಟೆ ಬದಲಿಸಬೇಕಾದರೆ, ದೊಡ್ಡ ಹೆಪ್ಪುಗಳು ಬಿದ್ದರೆ, ನಡುವೆ ನಡುವೆ ಅಥವಾ ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ "ನಿಲ್ಲೋ ಕಾಲ ಅಲ್ವಾ, ಹಂಗೇ ಇರುತ್ತೆ" ಅಂತ ಬಿಡಬೇಡಿ. ಮೊಲೆಯಲ್ಲಿ ಗಂಟು ಸಿಕ್ಕರೂ ಅಷ್ಟೆ. ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ, ಬಾಯಿ, ಮೊಲೆ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಉಚಿತವಾಗಿ ನಡೆಯುತ್ತೆ.

ಹಾರ್ಮೋನು ಮಾತ್ರೆಯ ಬಗ್ಗೆಯೂ ಕೇಳುತ್ತೀರಿ. ಝಳಕ್ಕೆ ಅದರಷ್ಟು ನಾಟುವ ಔಷಧಿ ಇಲ್ಲ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಮೊಲೆಯ ಕ್ಯಾನ್ಸರ್, ಲಕ್ವ ಹೆಚ್ಚುತ್ತದೆ ಎಂದಾಗ ಲೋಕವೆಲ್ಲ ಹೆದರಿತು. ಆ ಅಧ್ಯಯನದಲ್ಲಿದ್ದ ಬಹಳ ಮಂದಿ ಅರವತ್ತು ದಾಟಿದವರು. ಅರವತ್ತರೊಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡುವ ಆರೋಗ್ಯವಂತರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಉಪಯೋಗ ಹೆಚ್ಚು ಎಂದು ಈಗ ತಿಳಿದಿದೆ. ಮೊಲೆಯ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟಿದವರಿಗೆ, ಪಿತ್ತಕೋಶ-ಯಕೃತ್ತಿನ ತೀವ್ರ ಕಾಯಿಲೆ ಇರುವವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಅದು ಸಲ್ಲದು. ಆದ್ದರಿಂದ ಡಾಕ್ಟರು ಪರೀಕ್ಷಿಸಿ ಬರೆದರೆ ಮಾತ್ರ. ಗೌರಿಹಬ್ಬ, ಜಾತ್ರೆ ಬಂತೆಂದು ಔಷಧಿ ಅಂಗಡಿಯಿಂದ ಮುಟ್ಟು ಮುಂದೂಡುವ ಮಾತ್ರೆ ತಂದು ನುಂಗುವ ಅಭ್ಯಾಸ ಈ ವಯಸ್ಸಿನಲ್ಲಂತೂ ಬೇಡ.

ಗಂಡಸರಿಗೆ, ಸಂಘಕ್ಕೆ

ಗಂಡಸರಿಗೆ ಹೇಳಬೇಕಾದ್ದು ಇಷ್ಟೆ. ನಿಮ್ಮ ಹೆಂಡತಿ ಇದ್ದಕ್ಕಿದ್ದ ಹಾಗೆ ರೇಗಿದರೆ "ತಲೆ ಕೆಟ್ಟಿದೆಯಾ" ಅನ್ನಬೇಡಿ. ರಾತ್ರಿ ಅವಳು ಎದ್ದು ಕೂತಿದ್ದರೆ ಏನಾಯಿತೆಂದು ಕೇಳಿ. ವಾರದಲ್ಲಿ ಎರಡು ದಿನ ಬೆಳಗಿನ ಹಾಲು ನೀವು ಕರೆಯಿರಿ. ಹಾಸಿಗೆಯಲ್ಲಿ ಅವಳು ಬೇಡ ಅಂದರೆ ಅದು ತಿರಸ್ಕಾರವಲ್ಲ, ನೋವು. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, ಆದರೆ ಡಾಕ್ಟರು ಕೇಳಿದಾಗ ಉತ್ತರ ಅವಳೇ ಕೊಡಲಿ.

ಸಂಘಕ್ಕೆ ನಮ್ಮದು ಮೂರು ಕೋರಿಕೆ. ವರ್ಷಕ್ಕೊಂದು ದಿನ ಇದೇ ಕಟ್ಟಡದಲ್ಲಿ ಹೆಂಗಸರ ರಕ್ತ, ಬಿ.ಪಿ., ಸಕ್ಕರೆ ತಪಾಸಣೆ ಇಟ್ಟುಕೊಳ್ಳಿ, ನಾವು ಬರುತ್ತೇವೆ. ಹಾಲಿನ ಪಾಸ್ ಪುಸ್ತಕದ ಕೊನೆಯ ಪುಟದಲ್ಲಿ ಆ ಐದು ಪ್ರಶ್ನೆಗಳನ್ನು ಅಚ್ಚು ಹಾಕಿಸಿ. ಮತ್ತು ಪೇಟೆಯ ಆಸ್ಪತ್ರೆಗೆ ಯಾವ ಸದಸ್ಯೆಯೂ ಒಬ್ಬಳೇ ಹೋಗದ ಹಾಗೆ ಇಬ್ಬರು ಅನುಭವಸ್ಥ ಹೆಂಗಸರನ್ನು ಜೊತೆಗೆ ಗೊತ್ತು ಮಾಡಿ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಸಾಲಗಾರ ರೈತ ಒಬ್ಬೊಂಟಿಯಾಗಿ ನಿಲ್ಲಬಾರದೆಂದು. ವೈದ್ಯರ ಮೇಜಿನ ಮುಂದೆ ಹೆದರಿ ಕೂತ ಹೆಂಗಸಿಗೂ ಅದೇ ಮಾತು ಸಲ್ಲುತ್ತೆ.

ಅಕ್ಕಂದಿರೇ, ಮುಟ್ಟು ನಿಂತ ಮೇಲೆ ಇನ್ನೂ ಇಪ್ಪತ್ತೈದು ಮೂವತ್ತು ವರ್ಷದ ಬಾಳುವೆ ನಿಮ್ಮ ಮುಂದಿದೆ. ಸಂಘದ ಸುವರ್ಣ ಮಹೋತ್ಸವದ ದಿನ ನೀವೆಲ್ಲ ನೆಟ್ಟನೆಯ ಬೆನ್ನಿನಲ್ಲಿ ಮೊದಲ ಸಾಲಿನಲ್ಲೇ ಕೂತಿರಬೇಕು. ಅದಕ್ಕೆ ಬೇಕಾದ್ದು ಬಹಳವಿಲ್ಲ. ದಿನಕ್ಕೆರಡು ಲೋಟ ಹಾಲು, ವರ್ಷಕ್ಕೊಂದು ತಪಾಸಣೆ, ಬಾಯಿಬಿಟ್ಟು ಕೇಳುವ ಧೈರ್ಯ.